ಫಾರ್ಮ್ಯಾಟ್ ಮಾಡುವುದು ರಿಪೇರಿ ಅಲ್ಲ

"ಬೀಟಾ ಎಲ್ಲ ನಿಮಗ್ಯಾಕೆ ಸಾರ್? ಫಾರ್ಮ್ಯಾಟ್ ಮಾಡಿ ಹಳೇದೇ ಹಾಕ್ತೀನಿ, ಐನೂರು ಕೊಡಿ."

ನನ್ನ ಹಳೆ ಲ್ಯಾಪ್‌ಟಾಪ್ ನೋಡಿ ಪೇಟೆಯ ಅಂಗಡಿಯವರು ಹೇಳಿದ್ದು ಇಷ್ಟೇ. ಸ್ಕ್ರೀನ್ ಮೇಲೆ ಬಂದಿದ್ದ ಎರಡು ಸಾಲಿನ ಎರರ್ ಅನ್ನು ಅವರು ಓದಲೇ ಇಲ್ಲ. ಮನೆಗೆ ಬಂದು ನಾನೇ ಓದಿದೆ. ಡೌನ್‌ಲೋಡ್ ಮಾಡಿದ ಫೈಲೇ ಅರ್ಧಂಬರ್ಧ. ಮಳೆಗೆ ಕರೆಂಟ್ ಹೋಗಿತ್ತು, ಹಿಂದೆಯೇ ಟವರ್ ಕೂಡ ಹೋಗಿತ್ತು. ತಪ್ಪು ಬೀಟಾದ್ದೂ ಅಲ್ಲ, ಲ್ಯಾಪ್‌ಟಾಪಿನದ್ದೂ ಅಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೆ ಲ್ಯಾಪ್‌ಟಾಪ್‌ಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಅವಕ್ಕೆ ಲಿನಕ್ಸ್ ಒಳ್ಳೆಯ ದಾರಿ. ಮನೆಗೆ ಇರುವುದು ಒಂದೇ ಲ್ಯಾಪ್‌ಟಾಪ್ ಆದರೆ ಬೀಟಾ ಬೇಡ, ಐದು ವರ್ಷ ಅಪ್‌ಡೇಟ್ ಸಿಗುವ ಉಬುಂಟು ಎಲ್‌ಟಿಎಸ್ ಹಾಕಿ. ಇದನ್ನು ನಾನೂ ಒಪ್ಪುತ್ತೇನೆ. ಆದರೆ "ಬೀಟಾ ಹಳ್ಳಿಯವರಿಗಲ್ಲ" ಅನ್ನುವ ಮಾತನ್ನು ಒಪ್ಪುವುದಿಲ್ಲ.

ಯಾಕೆ ಅಂದರೆ, 2024ರ ಮಾರ್ಚ್‌ನಲ್ಲಿ ನಡೆದದ್ದು ಕೇಳಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಇನ್ನೂ ಬಿಡುಗಡೆಯಾಗದ ಡೆಬಿಯನ್ ಬಳಸುತ್ತಿದ್ದರು. ದೂರದಿಂದ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಅರ್ಧ ಸೆಕೆಂಡ್! ಅವರು ಫಾರ್ಮ್ಯಾಟ್ ಮಾಡಲಿಲ್ಲ, ಬೆನ್ನು ಹತ್ತಿದರು. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಮಾರ್ಚ್ 29ರಂದು ಜಗತ್ತಿಗೇ ತಿಳಿಸಿದರು. ಉಬುಂಟು 24.04ರ ಬೀಟಾ ಏಪ್ರಿಲ್ 4ರಿಂದ 11ಕ್ಕೆ ಹೋಯಿತು. ಕಳ್ಳಬಾಗಿಲು ಸಿಕ್ಕಿದ್ದು ಬಿಡುಗಡೆಗೆ ಮುನ್ನ ಬಳಸುತ್ತಿದ್ದವರ ಕೈಗೆ.

ಈಗ ಹೇಳಿ, ಬೀಟಾದಲ್ಲಿ ಕನ್ನಡದ ಒತ್ತಕ್ಷರ ಒಡೆದರೆ, ಕಗಪ ಕೀಲಿಮಣೆ ಕೈಕೊಟ್ಟರೆ ಲಂಡನ್ನಿನ ಎಂಜಿನಿಯರ್‌ಗೆ ಗೊತ್ತಾಗುತ್ತದೆಯೇ? ನಾವು ಹೇಳದಿದ್ದರೆ ಆ ತಪ್ಪು ಹಾಗೇ ಬಿಡುಗಡೆಯಾಗಿ ನಮ್ಮ ಮಕ್ಕಳ ಕೈಗೇ ಬರುತ್ತದೆ.

ಆದರೆ ದೂರುವ ಮುನ್ನ ತಪ್ಪು ಯಾರದ್ದೆಂದು ನೋಡಿ:

ಒಂದು, ಬೇಕಾದ ಫೈಲುಗಳ ಬ್ಯಾಕಪ್ ಮೊದಲು. ಇದು ಆಗದೆ ಮುಂದೆ ಹೋಗಲೇಬೇಡಿ.

ಎರಡು, ಐದಾರು ಜಿಬಿಯ ಫೈಲ್ ಪೂರ್ತಿ ಬಂದಿದೆಯೇ? ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ256 ಎಂಬ ಉದ್ದನೆಯ ಸಂಕೇತ ಇರುತ್ತದೆ. ನಿಮ್ಮ ಫೈಲಿನದ್ದಕ್ಕೆ ತಾಳೆ ನೋಡಿ. ಒಂದಕ್ಷರ ಬೇರೆಯಾದರೂ ಮತ್ತೆ ಇಳಿಸಿಕೊಳ್ಳಿ.

ಮೂರು, ಸ್ಕ್ರೀನ್ ಕಪ್ಪಾಯಿತೇ? ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರ್ ತೊಂದರೆ. ಶುರುವಿನ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ 'ನೋಮೋಡ್‌ಸೆಟ್' ಎಂದು ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ.

ನಾಲ್ಕು, ವೈಫೈ ಕಾಣುತ್ತಿಲ್ಲವೇ? ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬಂದ ಮೇಲೆ ಡ್ರೈವರ್ ಹಾಕಿಕೊಳ್ಳಬಹುದು.

ಇಷ್ಟಾದರೂ ಆಗದಿದ್ದರೆ ತಪ್ಪು ಬೀಟಾದ್ದೇ ಇರಬಹುದು. ಸ್ಕ್ರೀನ್ ಫೋಟೋ ತೆಗೆಯಿರಿ. ಲ್ಯಾಪ್‌ಟಾಪ್ ಮಾಡೆಲ್, ಏನು ಒತ್ತಿದಿರಿ, ಏನಾಯಿತು, ಮೂರೇ ಸಾಲು ಬರೆಯಿರಿ. ಉಬುಂಟುವಿಗೆ ಲಾಂಚ್‌ಪ್ಯಾಡ್, ಫೆಡೋರಾಕ್ಕೆ ಬಗ್‌ಝಿಲ್ಲಾ. ಹರಕುಮುರುಕು ಇಂಗ್ಲಿಷ್ ಸಾಕು, ಅಲ್ಲಿ ಯಾರೂ ವ್ಯಾಕರಣ ನೋಡುವುದಿಲ್ಲ.

ಅಂಗಡಿಯವರಿಗೆ ನನ್ನ ಮಾತು ಇಷ್ಟೇ: ಕಾಫಿ ಗಿಡದ ಎಲೆ ಹಳದಿಯಾದರೆ ತೋಟವನ್ನೇ ಕಡಿಯುತ್ತೇವೆಯೇ? ಎಲೆ ತಿರುಗಿಸಿ ನೋಡುತ್ತೇವೆ. ಎರರ್ ಅನ್ನೂ ಮೊದಲು ಓದಿ. ಐನೂರು ಆಮೇಲೆ ಕೇಳಿ.