ಕೇಬಲ್ ಹೋಯ್ತು, ಬಿಲ್ ಹೋಗಲಿಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್ ಹೇಳುವ ಕಥೆ

2025ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ಯೂಟ್ಯೂಬ್ ಟಿವಿ ಚಂದಾದಾರರ ಪರದೆಯಿಂದ ಇಎಸ್‌ಪಿಎನ್, ಎಬಿಸಿ ಸೇರಿದಂತೆ ಡಿಸ್ನಿಯ ಚಾನೆಲ್‌ಗಳೆಲ್ಲ ಮಾಯವಾದವು. ಚಾನೆಲ್‌ಗಳಿಗೆ ಎಷ್ಟು ದುಡ್ಡು ಕೊಡಬೇಕು ಅನ್ನೋ ಜಗಳ ಗೂಗಲ್ ಮತ್ತು ಡಿಸ್ನಿ ನಡುವೆ ಬಗೆಹರಿದಿರಲಿಲ್ಲ. ರಾಜಿಯಾಗಿದ್ದು ನವೆಂಬರ್ 14ಕ್ಕೆ. ಅಷ್ಟರಲ್ಲಿ ಎರಡು ಶನಿವಾರ ಕಳೆದುಹೋಗಿದ್ದವು.

ಎರಡು ಶನಿವಾರ ಅಂದ್ರೆ ಏನು ಮಹಾ ಅನ್ನಬೇಡಿ. ಅಲ್ಲಿ ಕಾಲೇಜು ಫುಟ್‌ಬಾಲ್‌ಗೆ ಶನಿವಾರವೇ ಹಬ್ಬ. ಇದು ನಾವು ಫುಟ್‌ಬಾಲ್ ಅನ್ನೋ ಆಟ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಅಂಡಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1 ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಕರ್ನಾಟಕದಿಂದ ಎಂ.ಎಸ್. ಮಾಡೋಕೆ ಹೋದ ಹುಡುಗ-ಹುಡುಗಿಯರಿಗೂ ಮೊದಲ ಸೆಮಿಸ್ಟರ್‌ನಲ್ಲೇ ಈ ಹುಚ್ಚು ಹತ್ತಿಕೊಳ್ಳುತ್ತೆ. ಹತ್ತಿದ ಮೇಲೆ ಬರೋದು ಒಂದೇ ಪ್ರಶ್ನೆ: ಕೇಬಲ್ ಇಲ್ಲದೆ ನೋಡೋಕೆ ಯಾವ ಆ್ಯಪ್ ತಗೋಬೇಕು?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾಕಿಲ್ಲ ಅನ್ನೋದೇ ಇಲ್ಲಿನ ನಿಜವಾದ ಸುದ್ದಿ.

ಹಕ್ಕು ಚೂರಾದದ್ದು ಹೀಗೆ

1984ರವರೆಗೆ ಯಾವ ಕಾಲೇಜಿನ ಪಂದ್ಯ ಟಿವಿಯಲ್ಲಿ ಎಷ್ಟು ಸಲ ಬರಬೇಕು ಅನ್ನೋದನ್ನ ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆ ನಿರ್ಧರಿಸುತ್ತಿತ್ತು. ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಇದು ಏಕಸ್ವಾಮ್ಯ, ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 7-2 ಬಹುಮತದಲ್ಲಿ ತೀರ್ಪು ಕೊಟ್ಟಿತು. ಅಲ್ಲಿಂದ ಮಾರಾಟದ ಅಧಿಕಾರ ಕಾಲೇಜುಗಳಿಗೂ ಅವುಗಳ ಕೂಟಗಳಾದ ಕಾನ್ಫರೆನ್ಸ್‌ಗಳಿಗೂ ಬಂತು. ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತನ್ನ ಎಲ್ಲ ತಂಡಗಳ ಹಕ್ಕನ್ನು ಒಟ್ಟಿಗೆ ಮಾರಬಹುದು. 1961ರ ಕಾಯ್ದೆಯೊಂದು ಅದಕ್ಕೆ ಆ ವಿನಾಯಿತಿ ಕೊಟ್ಟಿದೆ, ಕಾಲೇಜುಗಳಿಗೆ ಕೊಟ್ಟಿಲ್ಲ.

ಪರಿಣಾಮ ನೋಡಿ. ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಸ್‌ಇಸಿ 2024ರಿಂದ ಪೂರ್ತಿ ಡಿಸ್ನಿ ಪಾಲು. ಬಿಗ್ ಟೆನ್ ತನ್ನ ಪಂದ್ಯಗಳನ್ನು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರಿಗೆ ಹಂಚಿದೆ. ಏಳು ವರ್ಷದ ಆ ಒಪ್ಪಂದದ ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು ಎಂದು ವರದಿಯಾಗಿತ್ತು. ಎನ್‌ಬಿಸಿ ಪಾಲಿನ ಕೆಲವು ಪಂದ್ಯ ಪೀಕಾಕ್ ಆ್ಯಪ್‌ನಲ್ಲಿ ಮಾತ್ರ. ಋತುವಿನ ಕೊನೆಯ ಪ್ಲೇಆಫ್‌ನ ಹಕ್ಕು ಇಎಸ್‌ಪಿಎನ್ ಕೈಲಿ.

ಈ ದುಡ್ಡಿನ ಬೆನ್ನುಹತ್ತಿ ಭೂಗೋಳವೇ ಬದಲಾಯ್ತು. 1915ರಲ್ಲಿ ಹುಟ್ಟಿದ ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟಕ್ಕೆ 2023ರಲ್ಲಿ ಆಪಲ್‌ನ ಸ್ಟ್ರೀಮಿಂಗ್ ಒಪ್ಪಂದದ ಪ್ರಸ್ತಾವ ಬಂತು. ಕಾಲೇಜುಗಳಿಗೆ ಅದು ಸಾಲಲಿಲ್ಲ. ಹತ್ತು ಕಾಲೇಜುಗಳು ಬೇರೆ ಕೂಟ ಸೇರಿ, ಎರಡೇ ಉಳಿದವು. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಈಗ ಆಡುತ್ತಿರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಇದು ಜೋಕ್ ಅಲ್ಲ.

ಹಾಗಾದ್ರೆ ಯಾವುದು ತಗೋಬೇಕು?

ಆ್ಯಪ್‌ನಿಂದ ಶುರು ಮಾಡಬೇಡಿ, ತಂಡದಿಂದ ಶುರು ಮಾಡಿ. ನಿಮ್ಮ ಕಾಲೇಜು ಯಾವ ಕಾನ್ಫರೆನ್ಸ್‌ನಲ್ಲಿದೆ ಅನ್ನೋದರ ಮೇಲೆ ಅರ್ಧ ಲೆಕ್ಕ ಮುಗೀತು.

ಮೊದಲ ಖರ್ಚು ಆಂಟೆನಾ. ಹಳೇ ಕಾಲದ ವಸ್ತು ಅಂತ ನಗಬೇಡಿ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ನಾಲ್ಕೂ ಗಾಳಿಯಲ್ಲಿ ಪುಕ್ಕಟೆ ಬರುತ್ತವೆ, ಶನಿವಾರದ ದೊಡ್ಡ ಪಂದ್ಯಗಳಲ್ಲಿ ಬಹಳಷ್ಟು ಇವುಗಳಲ್ಲೇ ಇರುತ್ತವೆ. ಯೂಟ್ಯೂಬ್ ಟಿವಿ ಜಗಳದ ಹೊತ್ತಲ್ಲಿ ಜಾರ್ಜಿಯಾ-ಫ್ಲೋರಿಡಾ ಪಂದ್ಯ ಎಬಿಸಿಯಲ್ಲಿತ್ತು. ಆಂಟೆನಾ ಇದ್ದವರಿಗೆ ಅದೇನೂ ತಪ್ಪಲಿಲ್ಲ. ಸಿಗ್ನಲ್ ಸಿಗೋದು ಮನೆ ಇರೋ ಜಾಗದ ಮೇಲೆ ನಿಂತಿದೆ, ಅದೊಂದೇ ತೊಡಕು.

ಅದರ ಮೇಲಿನ ಲೆಕ್ಕ 2025ರ ಸೀಸನ್ ದರದಲ್ಲಿ ಹೀಗಿದೆ. ಟೆಕ್ಸಾಸ್ ಎ ಆ್ಯಂಡ್ ಎಂ ಥರದ ಎಸ್‌ಇಸಿ ತಂಡವಾದರೆ ಆಗಸ್ಟ್ 21ರಂದು ಶುರುವಾದ ಇಎಸ್‌ಪಿಎನ್‌ನ ಸ್ವಂತ ಆ್ಯಪ್ ಸಾಕು, ತಿಂಗಳಿಗೆ 30 ಡಾಲರ್. ಪರ್ಡ್ಯೂ ಥರದ ಬಿಗ್ ಟೆನ್ ತಂಡವಾದರೆ ಆಂಟೆನಾ ಜೊತೆ ಫಾಕ್ಸ್ ಒನ್‌ಗೆ 20, ಪೀಕಾಕ್‌ಗೆ 11, ಒಟ್ಟು 31. ಪ್ಲೇಆಫ್ ನೋಡಬೇಕಂದ್ರೆ ಕೊನೆಗೆ ಇಎಸ್‌ಪಿಎನ್ ಕೂಡ ಬೇಕು. ಬಿಗ್ 12ರ ಅರಿಜೋನಾ ಸ್ಟೇಟ್ ಅಭಿಮಾನಿಗೆ ಇಎಸ್‌ಪಿಎನ್ ಮತ್ತು ಫಾಕ್ಸ್ ಒನ್ ಜೋಡಿ, 40. ಎಲ್ಲ ಕಾನ್ಫರೆನ್ಸ್ ನೋಡ್ತೀನಿ ಅನ್ನೋರಿಗೆ ಮಾತ್ರ 83 ಡಾಲರ್‌ನ ಯೂಟ್ಯೂಬ್ ಟಿವಿ ಅರ್ಥಪೂರ್ಣ. ಒಂದೇ ಪಂದ್ಯದ ಆಸೆಯಿದ್ದರೆ ಸ್ಲಿಂಗ್‌ನ 5 ಡಾಲರ್ ದಿನದ ಪಾಸ್.

ಸೀಸನ್ ಇರೋದು ಆಗಸ್ಟ್ ಕೊನೆಯಿಂದ ಜನವರಿವರೆಗೆ. ಸುಮಾರು ಐದು ತಿಂಗಳಿಗೆ 30 ಡಾಲರ್ ಲೆಕ್ಕದಲ್ಲಿ 150, ಯೂಟ್ಯೂಬ್ ಟಿವಿಗೆ 415. ವಾರ್ಷಿಕ ಚಂದಾ ಬೇಡ, ತಿಂಗಳ ಚಂದಾ ತಗೊಂಡು ಫೆಬ್ರವರಿಗೆ ಮೊದಲೇ ರದ್ದು ಮಾಡಿ. ಕಂಪನಿಗಳ ಲಾಭ ನಿಂತಿರೋದೇ ನಾವು ರದ್ದು ಮಾಡೋದನ್ನ ಮರೆಯುವುದರ ಮೇಲೆ.

ಬಿಡಿಯಾಗಿ ಒಡೆದು, ಮತ್ತೆ ಕಟ್ಟಿ

ಕೇಬಲ್ ಬಿಡಿ, ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡಿ: ಸ್ಟ್ರೀಮಿಂಗ್ ಕೊಟ್ಟ ಭರವಸೆ ಇದೇ ತಾನೆ? 2017ರಲ್ಲಿ 35 ಡಾಲರ್‌ಗೆ ಶುರುವಾದ ಯೂಟ್ಯೂಬ್ ಟಿವಿ 2025ಕ್ಕೆ 83 ಮುಟ್ಟಿದ್ದೇ ಉತ್ತರ. ಚಾನೆಲ್ ಜಗಳದಲ್ಲಿ ಪರದೆ ಕಪ್ಪಾಗುವ ಕೇಬಲ್ ಕಾಲದ ರೋಗವೂ ಜೊತೆಗೇ ಬಂದಿದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯ. ಡಿಸ್ನಿ, ಫಾಕ್ಸ್, ವಾರ್ನರ್ ಬ್ರದರ್ಸ್ ಡಿಸ್ಕವರಿ ಸೇರಿ ವೆನು ಎಂಬ ಕ್ರೀಡಾ ಸೇವೆ ತರಲು ಹೊರಟವು. ಇದು ಸ್ಪರ್ಧೆಯನ್ನೇ ಮುಗಿಸುತ್ತೆ ಎಂದು ಫುಬೋ ಎಂಬ ಚಿಕ್ಕ ಕಂಪನಿ ಕೋರ್ಟಿಗೆ ಹೋಗಿ, 2024ರ ಆಗಸ್ಟ್‌ನಲ್ಲಿ ತಡೆಯಾಜ್ಞೆ ತಂತು. 2025ರ ಜನವರಿಯಲ್ಲಿ ಕೇಸು ರಾಜಿಯಾಯ್ತು. ಅದರ ಜೊತೆಗೇ ಫುಬೋದ ಶೇ 70 ಪಾಲು ಡಿಸ್ನಿ ಕೈ ಸೇರುವ ಒಪ್ಪಂದವೂ ಆಯ್ತು. ದೂರು ಕೊಟ್ಟವನನ್ನೇ ಮನೆ ಅಳಿಯ ಮಾಡಿಕೊಂಡ ಹಾಗೆ.

ದುಡ್ಡಿನ ಒಂದು ಪಾಲು ಈಗ ಆಟಗಾರರಿಗೂ ಹೋಗುತ್ತಿದೆ ಅನ್ನೋದು ಒಳ್ಳೇ ಸುದ್ದಿ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಇತ್ಯರ್ಥದಂತೆ ಒಂದೊಂದು ವಿಶ್ವವಿದ್ಯಾಲಯ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಅವರಿಗೆ ಕೊಡಬಹುದು. ದಶಕಗಳ ಕಾಲ ಪುಕ್ಕಟೆ ದುಡಿದವರಿಗೆ ಸಿಗಬೇಕಾದ ಪಾಲು ಅದು. ಆದರೆ ನೋಡುಗನ ಪರ ವಾದಿಸೋರು ಆ ಕೋಣೆಯಲ್ಲಿ ಯಾರೂ ಇಲ್ಲ.

ಇವುಗಳಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು ಅನ್ನೋದು ನೆನಪಿರಲಿ. ತೆರಿಗೆ ಕಟ್ಟುವ ರಾಜ್ಯದ ಜನ ತಮ್ಮದೇ ತಂಡವನ್ನು ನೋಡೋಕೆ ಮೂರು ಕಂಪನಿಗಳ ಬಾಗಿಲು ತಟ್ಟಬೇಕು. ನಮ್ಮಲ್ಲಿ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅನ್ನೋ 2007ರ ಕಾಯ್ದೆಯಾದರೂ ಇದೆ. ಆದರೆ ಐಪಿಎಲ್ ಅದರ ಆಚೆಗಿದೆ. 2023ರಲ್ಲಿ ಮೊಬೈಲಲ್ಲಿ ಪುಕ್ಕಟೆ ಸಿಕ್ಕ ಐಪಿಎಲ್ ಅನ್ನು ಪೂರ್ತಿ ನೋಡೋಕೆ 2025ರಲ್ಲಿ ಚಂದಾ ಅಥವಾ ಚಂದಾ ಸೇರಿದ ರೀಚಾರ್ಜ್ ಬೇಕಾಯ್ತು. ಅಲ್ಲಿ ಹಕ್ಕು ಹತ್ತು ಚೂರು, ಇಲ್ಲಿ ಒಂದೇ ಆ್ಯಪ್. ದಾರಿ ಬೇರೆ, ಬಿಲ್ ಬರೋ ವಿಳಾಸ ಒಂದೇ.

ಅಭಿಮಾನಿಯ ಕೈಲಿ ಸದ್ಯಕ್ಕೆ ಉಳಿದಿರೋದು ಎರಡೇ ಅಸ್ತ್ರ: ಮನೆ ಮೇಲಿನ ಆಂಟೆನಾ, ಆ್ಯಪ್‌ನಲ್ಲಿ ಅಡಗಿರೋ ರದ್ದತಿ ಗುಂಡಿ. ಎರಡನ್ನೂ ಬಳಸಿ.