ತೊಟ್ಟಿಲು ಬೇರೆ, ಕಾರಿನ ಸೀಟು ಬೇರೆ

ಅಕ್ಕನ ಮಗುವಿನ ತೊಟ್ಟಿಲು ತಂಗಿಯ ಮನೆಗೆ, ಅಲ್ಲಿಂದ ಓರಗಿತ್ತಿಯ ಮನೆಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಮರದ್ದು, ಮೂರು ತಲೆಮಾರು ಬಾಳುತ್ತೆ. ಆದರೆ ಮಕ್ಕಳನ್ನು ಕಾರಿನಲ್ಲಿ ಕೂರಿಸುವ ಬೂಸ್ಟರ್ ಸೀಟು ಹಾಗಲ್ಲ, ಸೋದರಿಯರೇ. ಮಾತ್ರೆಗಿರುವ ಹಾಗೆ ಅದಕ್ಕೂ ಅವಧಿಯುಂಟು.

ಕಾರಿನ ಬೆಲ್ಟು ಮಗುವಿನ ಕುತ್ತಿಗೆ, ಹೊಟ್ಟೆಯನ್ನು ಒತ್ತದೆ ಭುಜ, ಸೊಂಟದ ಮೇಲೆ ಬರಲೆಂದು ಈ ಸೀಟು ಮಗುವನ್ನು ಎತ್ತರಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ವರ್ಷಗಟ್ಟಲೆ ಕಾದು ಆರಿ ಅದರ ಪ್ಲಾಸ್ಟಿಕ್ಕು ಪೆಡಸಾಗುತ್ತೆ. ಬಚ್ಚಲ ಹೊರಗಿಟ್ಟ ಬಕೆಟ್ಟು ಒಂದು ದಿನ ಟಪ್ಪನೆ ಸೀಳುವುದಿಲ್ಲವೇ? ಇದೂ ಹಾಗೇ.

ಸೀಟನ್ನು ಮಗುಚಿ ನೋಡಿ. ತಳದಲ್ಲೋ ಬೆನ್ನಲ್ಲೋ ತಯಾರಾದ ತಿಂಗಳು, ವರ್ಷ ಇರುತ್ತೆ. ಕೆಲವದರಲ್ಲಿ ಅವಧಿ ಮುಗಿಯುವ ದಿನವೂ ಇರುತ್ತೆ. ಸಾಮಾನ್ಯವಾಗಿ 6ರಿಂದ 10 ವರ್ಷ. ಹೆಚ್ಚಿನವಕ್ಕೆ ಲೆಕ್ಕ ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಚೀಟಿ ಕಿತ್ತುಹೋಗಿದ್ದರೆ, ಕಾರು ದೊಡ್ಡ ಅಪಘಾತ ಕಂಡಿದ್ದರೆ ಆ ಸೀಟು ಬೇಡವೇ ಬೇಡ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ 14 ತುಂಬದ ಮಕ್ಕಳಿಗೆ ಬೆಲ್ಟೋ, ಮಕ್ಕಳ ಸೀಟೋ ಇರಲೇಬೇಕೆನ್ನುತ್ತದೆ.

ಪ್ರೀತಿಯಿಂದ ಕೊಟ್ಟವರು ಬೇಜಾರಾದಾರೆಂದು ಸಂಕೋಚ ಬೇಡ. “ದಿನ ಮುಗಿದಿದೆ, ನೋಡಿ ಅತ್ತಿಗೆ” ಎಂದು ತೋರಿಸಿದರೆ ಸಾಕು. ಹಳೆಯದರ ಮೇಲೆ ‘ಬಳಸಬೇಡಿ’ ಎಂದು ದಪ್ಪಗೆ ಬರೆದೇ ಗುಜರಿಗೆ ಹಾಕಿ. ಇನ್ನೊಬ್ಬ ತಾಯಿ ಅದನ್ನು ಎತ್ತಿಕೊಂಡು ಹೋಗಬಾರದಲ್ಲ!