ಶಬರಿಗೆ ಕರುಣೆ, ಶಂಬೂಕನಿಗೆ ಕತ್ತಿ

"ಬರೀ ಶಂಬೂಕನ್ನೇ ಹಿಡ್ಕೊಂಡು ಕೂರ್ತೀರಲ್ರೀ, ಶಬರಿ ಕೊಟ್ಟ ಎಂಜಲು ಹಣ್ಣು ತಿಂದ ರಾಮ ನಿಮ್ಮ ಕಣ್ಣಿಗೆ ಬೀಳಲ್ವಾ?" ಅಂತ ಕೇಳೋರು ಪ್ರತಿ ಏಪ್ರಿಲ್‌ನಲ್ಲೂ ಸಿಗ್ತಾರೆ. ರಾಮನವಮಿ, ಬಾಬಾಸಾಹೇಬರ ಜಯಂತಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಲ್ಲ. ಪ್ರಶ್ನೆಯೇನೋ ಸರಿಯಾಗೇ ಇದೆ. ಅದೇ ದೇವರು, ಅದೇ ಗ್ರಂಥ. ಒಂದು ಕಡೆ ಕಾಡಿನ ಹೆಣ್ಣಿನ ಗುಡಿಸಲಲ್ಲಿ ಆತಿಥ್ಯ, ಇನ್ನೊಂದು ಕಡೆ ಶೂದ್ರನ ತಲೆ. ಯಾವ ರಾಮ ನಿಜ?

ಎರಡೂ ನಿಜ. ಅವೆರಡಕ್ಕೂ ವಿರೋಧವೇ ಇಲ್ಲ ಅನ್ನೋದು ನನ್ನ ವಾದ.

ಮೊದಲು ಕತೆಯನ್ನ ಸರಿಯಾಗಿ ಓದೋಣ. ಆ ಎಂಜಲು ಹಣ್ಣು ವಾಲ್ಮೀಕಿಯಲ್ಲಿ ಇಲ್ಲವೇ ಇಲ್ಲ, ಅದು ಆಮೇಲಿನ ಭಕ್ತಿ ಪರಂಪರೆ ಸೇರಿಸಿದ್ದು. ಅರಣ್ಯಕಾಂಡದ ಶಬರಿ ಮತಂಗಾಶ್ರಮದ ಋಷಿಗಳ ಸೇವೆ ಮಾಡಿಕೊಂಡಿದ್ದ ತಪಸ್ವಿನಿ. ಹೌದು, ಅವಳೂ ತಪಸ್ಸು ಮಾಡಿದವಳೇ! ಋಷಿಗಳು ಹೋದರು, ರಾಮ ಬರ್ತಾನೆ ಅಂತ ಅವಳು ಕಾದಳು. ಅವನು ಬಂದ ಮೇಲೆ ಅವನ ಅಪ್ಪಣೆ ಪಡೆದು ಬೆಂಕಿಗೆ ತನ್ನನ್ನೇ ಒಪ್ಪಿಸಿಕೊಂಡು ಸ್ವರ್ಗಕ್ಕೆ ಹೋದಳು. ಈ ಬೆಂಕಿಯ ಭಾಗವನ್ನ ನಮಗೆ ಶಬರಿ ಕತೆ ಹೇಳೋರು ಯಾರೂ ಹೇಳಲ್ಲ.

ಇನ್ನು ಉತ್ತರಕಾಂಡ. ಬ್ರಾಹ್ಮಣನ ಮಗು ಸಾಯುತ್ತೆ. ಎಲ್ಲೋ ಒಬ್ಬ ಶೂದ್ರ ತಪಸ್ಸಿಗೆ ಕೂತಿದ್ದಾನೆ, ಅದೇ ಕಾರಣ ಅಂತಾನೆ ನಾರದ. ರಾಮ ಪುಷ್ಪಕ ವಿಮಾನ ಹತ್ತಿ ಹುಡುಕ್ತಾ ದಕ್ಷಿಣಕ್ಕೆ ಬರ್ತಾನೆ. ತಲೆಕೆಳಗಾಗಿ ಜೋತುಬಿದ್ದು ತಪಸ್ಸು ಮಾಡ್ತಿದ್ದವನನ್ನ, ನೀನು ಯಾವ ವರ್ಣ ಅಂತ ಕೇಳ್ತಾನೆ. ಅವನು ಸುಳ್ಳು ಹೇಳಲ್ಲ. ನಾನು ಶೂದ್ರ, ಹೆಸರು ಶಂಬೂಕ, ಇದೇ ದೇಹದಲ್ಲಿ ದೇವತ್ವ ಬೇಕು ಅಂತಾನೆ. ಅವನು ಮಾತಾಡ್ತಿರುವಾಗಲೇ ಕತ್ತಿ ಬೀಳುತ್ತೆ. ದೇವತೆಗಳು ಹೂಮಳೆ ಸುರಿಸಿ, ನಿನ್ನಿಂದಾಗಿ ಈ ಶೂದ್ರ ಸ್ವರ್ಗಕ್ಕೆ ಬರೋದು ತಪ್ಪಿತು ಅಂತ ಖುಷಿಪಡ್ತಾರೆ. (ಶೂದ್ರನಿಗೇ ಈ ಗತಿ. ನಮ್ಮಂಥ ವರ್ಣದಾಚೆಯವರ ಮಾತು ಬಿಡಿ.)

ಇಬ್ಬರೂ ತಪಸ್ವಿಗಳು. ಆದರೆ ಶಬರಿ ಸೇವೆ ಮಾಡಿದಳು, ಕಾದಳು, ಅಪ್ಪಣೆ ಕೇಳಿದಳು. ಶಂಬೂಕ ಯಾರನ್ನೂ ಕೇಳಲಿಲ್ಲ. ಕರುಣೆ ಯಾರಿಗೆ, ಕತ್ತಿ ಯಾರಿಗೆ ಅನ್ನೋದನ್ನ ದೇವರ ಮನಸ್ಸಲ್ಲಿ ಹುಡುಕಬೇಕಾಗಿಲ್ಲ, ಎದುರಿಗೆ ನಿಂತವರು ಎಲ್ಲಿ ನಿಂತಿದ್ದಾರೆ ಅಂತ ನೋಡಿದರೆ ಸಾಕು.

ಪೆರಿಯಪುರಾಣದ ನಂದನಾರ್ ಕತೆ ನೋಡಿ. ಹೊರಗೆ ನಿಂತ ಹೊಲೆಯ ಭಕ್ತನಿಗೆ ಕಾಣಲಿ ಅಂತ ತಿರುಪ್ಪುಂಗೂರಿನಲ್ಲಿ ಶಿವ ನಂದಿಯನ್ನೇ ಪಕ್ಕಕ್ಕೆ ಸರಿಸ್ತಾನೆ. ಎಂಥಾ ಕರುಣೆ! ಆದರೆ ಚಿದಂಬರದ ಒಳಗೆ ಹೋಗಬೇಕಾದರೆ ನಂದನಾರ್ ಬೆಂಕಿ ಹಾಯಬೇಕು. ನಮ್ಮ ಕನಕದಾಸರಿಗೆ ಉಡುಪಿಯಲ್ಲಿ ಕೃಷ್ಣನೇ ತಿರುಗಿದ ಅಂತಾರೆ. ನಂದಿ ಸರಿಯುತ್ತೆ, ವಿಗ್ರಹ ತಿರುಗುತ್ತೆ, ಗೋಡೆ ಬಿರುಕು ಬಿಡುತ್ತೆ. ಬಾಗಿಲು ಮಾತ್ರ ತೆಗೆಯಲ್ಲ.

"ಉತ್ತರಕಾಂಡ ಪ್ರಕ್ಷಿಪ್ತ" ಅಂತಾರೆ. ಇರಬಹುದು. ಹಾಗಾದರೆ ಯಾರಿಗೋ ಆ ಕತೆ ಸೇರಿಸೋ ಅಗತ್ಯ ಬಿದ್ದಿತ್ತು ಅಂತಾಯ್ತು. "ರಾಮನ ಕೈಯಲ್ಲಿ ಸತ್ತು ಶಂಬೂಕನಿಗೆ ಸದ್ಗತಿ ಸಿಕ್ತು" ಅಂತಾರೆ. ಆ ಸದ್ಗತಿ ಕೊಟ್ಟಿದ್ದು ನಾಟಕಕಾರ ಭವಭೂತಿ, ವಾಲ್ಮೀಕಿ ರಾಮಾಯಣದ ದೇವತೆಗಳು ಕೊಡಲಿಲ್ಲ. ಕುವೆಂಪು 1944ರ 'ಶೂದ್ರ ತಪಸ್ವಿ'ಯಲ್ಲಿ ರಾಮನ ಅಸ್ತ್ರವನ್ನ ಬ್ರಾಹ್ಮಣನ ಕಡೆಗೇ ತಿರುಗಿಸಿದರು. ಅದಕ್ಕೆ ಮಾಸ್ತಿಯವರ ಆಕ್ಷೇಪಣೆ ಬೇರೆ. ಕುವೆಂಪು ಮೇಲೆ ನನಗೆ ಅಪಾರ ಗೌರವ, ಆ ನಾಟಕ ನಮಗೆ ಬೇಕಾಗಿತ್ತು ಕೂಡ. ಆದರೆ ದೇವರಿಗೆ ಕರುಣೆ ಕಲಿಸೋ ಕೆಲಸ ಮತ್ತೆ ಮತ್ತೆ ಕವಿಗಳ ಪಾಲಿಗೇ ಯಾಕೆ ಬರುತ್ತೆ?

ಬಾಬಾಸಾಹೇಬರು ಈ ಚರ್ಚೆಯನ್ನ ಬೇರೆ ದಾರಿಗೆ ತಂದರು. 1936ರ 'ಜಾತಿ ವಿನಾಶ'ದಲ್ಲಿ ಅವರು ರಾಮನನ್ನ ಕ್ರೂರಿ ಅಂತ ಬಯ್ಯಲ್ಲ. ಚಾತುರ್ವರ್ಣ್ಯದ ಮೇಲೆ ನಿಂತ ರಾಜ್ಯ ಅದು, ಅದನ್ನ ಉಳಿಸೋಕೆ ಶಿಕ್ಷೆ ಬೇಕೇ ಬೇಕು ಅಂತಾರೆ. ಈ ಮಾತು ಅವರು ಬರೀ ಪುಸ್ತಕ ಓದಿ ಬರೆದಿದ್ದಲ್ಲ. 1930ರ ಮಾರ್ಚ್ 2ಕ್ಕೆ ನಾಸಿಕ್‌ನಲ್ಲಿ ಸತ್ಯಾಗ್ರಹ ಶುರು ಮಾಡಿದ್ದು ಯಾವ ಗುಡಿ ಮುಂದೆ ಗೊತ್ತಲ್ಲ? ಕಾಳಾರಾಮ್. ಶಬರಿಯ ಅದೇ ರಾಮನ ಗುಡಿ. ವರ್ಷಗಟ್ಟಲೆ ನಿಂತರೂ ಬಾಗಿಲು ತೆಗೀಲಿಲ್ಲ. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯಲ್ಲ ಅಂತ ಘೋಷಿಸಿದರು.

ಹಳೇ ಕತೆ ಅಂತೀರಾ? 2021ರಲ್ಲಿ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಮಗುವಿನ ಹುಟ್ಟುಹಬ್ಬ ಅಂತ ದಲಿತ ಅಪ್ಪ ಅಮ್ಮ ಹನುಮಂತನ ಗುಡಿಗೆ ಬಂದು ಹೊರಗೇ ನಿಂತಿದ್ದರು. ಶಬರಿ ಹಾಗೆ. ಎರಡು ವರ್ಷದ ಕೂಸಿಗೆ ಏನು ಗೊತ್ತು, ಒಳಗೆ ಓಡಿಹೋಯ್ತು. ಗುಡಿ ಶುದ್ಧಿ ಮಾಡೋಕೆ ಅಂತ ಅಪ್ಪನಿಗೆ ದಂಡ ಹಾಕಿದರು.

ಮುಂದಿನ ಏಪ್ರಿಲ್‌ನಲ್ಲಿ ಯಾರಾದ್ರೂ ಶಬರಿ ಹೆಸರು ಎತ್ತಿದರೆ ಜಗಳಕ್ಕೆ ಹೋಗಬೇಡಿ ಗೆಳೆಯರೇ. ನಮ್ಮೂರ ಗುಡಿಯ ಹೊಸ್ತಿಲ ತನಕ ಜೊತೆಗೆ ಬರ್ತೀರಾ ಸ್ವಾಮಿ ಅಂತ ಕೇಳಿ.

ಜೈ ಭೀಮ್.